ಅಪ್ಪ ಬೆಸೆದ ಬಾಯ್ಲರು

ಆಗೆಲ್ಲ ರೈಲು ನಂಜನಗೂಡಿಗೇ ಕೊನೆ. ಮೈಸೂರಿನಿಂದ ಬಂದ ಗಾಡಿ ಕಪಿಲೆಯ ಸೇತುವೆ ದಾಟಿ ನಮ್ಮೂರ ಸ್ಟೇಷನ್ನಿನಲ್ಲಿ ನಿಂತಿತೆಂದರೆ ಮುಂದಕ್ಕೆ ಹಳಿಯೇ ಇರಲಿಲ್ಲ. ಈಗ ಚಾಮರಾಜನಗರಕ್ಕೆ ಹೋಗುವವರು ಕಿಟಕಿಗೆ ತಲೆಯಾನಿಸಿ ತೂಕಡಿಸುತ್ತಲೇ ನಮ್ಮೂರನ್ನು ದಾಟಿಬಿಡುತ್ತಾರೆ. ಆಗ ಆ ಸೊಕ್ಕು ಯಾರಿಗೂ ಸಾಧ್ಯವಿರಲಿಲ್ಲ. ದೊರೆಯಾಗಲಿ ದಾಸನಾಗಲಿ ನಮ್ಮೂರಲ್ಲೇ ಇಳಿಯಬೇಕು, ಟಿ. ನರಸೀಪುರಕ್ಕೋ ಸುತ್ತೂರಿಗೋ ಹೋಗುವುದಿದ್ದರೆ ಎತ್ತಿನ ಗಾಡಿ ಹುಡುಕಬೇಕು.

ನಾವು ಬೀದಿಯ ಹುಡುಗಿಯರು ಒಬ್ಬಳ ಲಂಗ ಇನ್ನೊಬ್ಬಳು ಹಿಡಿದು ರೈಲಾಟ ಆಡುತ್ತಿದ್ದೆವು. ಎಂಜಿನ್ ಆಗುವುದಕ್ಕೆ ಎಲ್ಲರಿಗೂ ಆಸೆ, ಆದರೆ ಎಂಜಿನ್ ಯಾವತ್ತೂ ನಾನೇ. ಉಳಿದವರ ಅಣ್ಣಂದಿರು ಹೊಲ ಉಳುತ್ತಿದ್ದರು, ಇಲ್ಲವೆ ಅಂಗಡಿಯಲ್ಲಿ ಕೂತು ನೊಣ ಹೊಡೆಯುತ್ತಿದ್ದರು. ನನ್ನ ಅಣ್ಣ ವೀರಭದ್ರ ಮಾತ್ರ ನಿಜವಾದ ಎಂಜಿನ್ನನ್ನು ಮುಟ್ಟಿ ಮನೆಗೆ ಬರುತ್ತಿದ್ದವನು. ಆ ಹಕ್ಕಿನ ಮುಂದೆ ಯಾರ ತಕರಾರೂ ನಡೆಯುತ್ತಿರಲಿಲ್ಲ.

ಬೀದಿಯಲ್ಲಿ ನನಗೆ ಹೆಮ್ಮೆಯಾಗಿದ್ದ ಅದೇ ಸಂಗತಿ ಮನೆಯೊಳಗೆ ಬೆಂಕಿಯಾಗಿತ್ತು. ನಮ್ಮದು ಅಕ್ಕಸಾಲೆಯ ಮನೆ. ಪಡಸಾಲೆಯ ಮೂಲೆಯಲ್ಲಿ ಅಪ್ಪನ ಅಗ್ಗಿಷ್ಟಿಕೆ, ಅದರ ಪಕ್ಕದಲ್ಲಿ ಊದುಗೊಳವೆ, ಚಿಮಟ, ಪುಟ್ಟ ಸುತ್ತಿಗೆಗಳು. ತೆಂಗಿನ ಚಿಪ್ಪಿನ ಇದ್ದಿಲಿನ ವಾಸನೆ, ಬೆಸುಗೆಗೆ ಹಚ್ಚುವ ಬಿಳಿಗಾರ ಕಾದ ವಾಸನೆ, ಹುಣಸೆ ನೀರಿನ ಹುಳಿ ವಾಸನೆ ಇವೆಲ್ಲ ಸೇರಿದ್ದೇ ನನ್ನ ಪಾಲಿಗೆ ಮನೆ. ಬೆಸುಗೆಯಾದ ಒಡವೆಯನ್ನು ಹುಣಸೆ ನೀರಿನಲ್ಲಿ ಕುದಿಸಿ, ಆಮೇಲೆ ಅಂಟುವಾಳದ ನೊರೆಯಲ್ಲಿ ತೊಳೆದೇ ಕೊಡಬೇಕು. ಅಂಟುವಾಳದ ನೀರು ಕಾಣದ ಕೆಲಸ ಅಕ್ಕಸಾಲೆಯ ಹೊಸಿಲು ದಾಟಕೂಡದು ಎಂದು ಅಪ್ಪ ಹೇಳುತ್ತಿದ್ದರು. ಅವರಪ್ಪನೂ ಅದನ್ನೇ ಹೇಳುತ್ತಿದ್ದರಂತೆ.

ಅಂಥ ಮನೆಯ ಒಬ್ಬನೇ ಮಗ ಅಗ್ಗಿಷ್ಟಿಕೆಯ ಮುಂದಿನಿಂದ ಎದ್ದು ಹೋಗಿ ರೈಲ್ವೆಯಲ್ಲಿ ಮಸಿ ಒರೆಸುವ ಕೆಲಸಕ್ಕೆ ಸೇರಿಕೊಂಡ. ರಾತ್ರಿಯ ಗಾಡಿ ತಂದ ಎಂಜಿನ್ನು ನಮ್ಮೂರಿನಲ್ಲೇ ತಂಗುತ್ತಿತ್ತು. ಅದರ ಬೂದಿ ಎಳೆಯುವುದು, ಹಿತ್ತಾಳೆ ಉಜ್ಜುವುದು, ಎಣ್ಣೆ ಬಿಡುವುದು ಅಣ್ಣನ ಪಾಲಿಗೆ ಬಂದಿತ್ತು. ಅವನು ಮೊದಲ ದಿನ ಕರಿ ಕೈಯಲ್ಲಿ ಮನೆಗೆ ಬಂದಾಗ ಅಪ್ಪ, "ಚಿನ್ನ ಮುಟ್ಟೋ ಕೈಲಿ ಮಸಿ ಮುಟ್ಬುಟ್ಟಲ್ಲ," ಅಂದರು. ಅಣ್ಣ, "ಮಸೀಲೂ ಅನ್ನ ಐತೆ," ಅಂದ. ಅದೇ ಕೊನೆ. ಆಮೇಲೆ ಎರಡು ವರ್ಷದ ಮೇಲಾದರೂ ಅವರಿಬ್ಬರೂ ಒಬ್ಬರೊಡನೊಬ್ಬರು ಮಾತಾಡಲಿಲ್ಲ.

ಮಾತಾಡಲಿಲ್ಲ ಎಂದರೆ ಮನೆ ನಡೆಯಬೇಡವೆ? ಅದಕ್ಕೆ ನಾನಿದ್ದೆ.

"ಕಾಳಿ, ನಿಮ್ಮಣ್ಣಂಗೆ ಯೋಳು, ಕೈ ನೆಟ್ಟಗೆ ತೊಳ್ಕಂಡು ಉಣ್ಣಾಕೆ ಕೂತ್ಕಳ್ಳಿ."

"ಕಾಳಿ, ಅಪ್ಪಂಗೆ ಯೋಳು, ತೊಳ್ಕಂಡೇ ಬಂದಿವ್ನಿ."

ಇಬ್ಬರ ನಡುವೆ ಕೂತು ನಾನು ಮುದ್ದೆ ಮುರಿಯುತ್ತಿದ್ದೆ. ಇಬ್ಬರ ಮಾತೂ ಇಬ್ಬರಿಗೂ ಕೇಳಿಸಿರುತ್ತಿತ್ತು. ಆದರೂ ನಾನು ಅತ್ತ ತಿರುಗಿ ಒಂದು ಸಲ, ಇತ್ತ ತಿರುಗಿ ಒಂದು ಸಲ ಒಪ್ಪಿಸದೆ ಇದ್ದರೆ ಊಟ ಮುಂದಕ್ಕೆ ಹೋಗುತ್ತಿರಲಿಲ್ಲ. ಮಾತು ತೀರ ಖಾರವಾಗಿದ್ದರೆ ಸ್ವಲ್ಪ ಬೆಲ್ಲ ಸೇರಿಸಿ ದಾಟಿಸುತ್ತಿದ್ದೆ. ಅವ್ವ ಒಲೆಯ ಮುಂದೆ ಕೂತು, "ಮೂಳೆ ಕಚ್ಕಂಡ ನಾಯಂಗೆ ಇಬ್ರೂ ಅಟ ಬುಡಕಿಲ್ಲ," ಎಂದು ಗೊಣಗುತ್ತಿದ್ದಳು.

ಆ ವರ್ಷ ಮಳೆಗಾಲ ಹಿಂದೆಗೆದು ಕಪಿಲೆಯ ಕೆಂಪು ನೀರು ತಿಳಿಯಾಗುತ್ತಿದ್ದ ಹೊತ್ತಿಗೆ ಅಣ್ಣನ ತಲೆಯಲ್ಲಿ ಹೊಸ ಹುಳು ಹೊಕ್ಕಿತು. ಸ್ಟೇಷನ್ನಿನ ನೀರಿನ ಟ್ಯಾಂಕು ನೋಡಲು ಬಂದಿದ್ದ ಹುಬ್ಬಳ್ಳಿ ಕಾರ್ಖಾನೆಯ ಫೋರ್ಮನ್ ಅಣ್ಣನ ಕೈಚಳಕ ಕಂಡು, "ನಿನ್ನ ಕೈಯಲ್ಲೇ ಮಾಡಿದ್ದು ಏನಾದರೂ ತೋರಿಸು. ಚೆನ್ನಾಗಿದ್ದರೆ ಕಾರ್ಖಾನೆಗೆ ಕರಕೊಂಡು ಹೋಗುತ್ತೇನೆ," ಎಂದಿದ್ದನಂತೆ. ಆತ ಮತ್ತೊಮ್ಮೆ ಬರುವುದಿತ್ತು, ಆಮೇಲೆ ಅವನಿಗೆ ಬೇರೆ ಕಡೆಗೆ ವರ್ಗ. ಅಣ್ಣ ಬೇರೆ ಯಾರಾದರೂ ಆಗಿದ್ದರೆ ಒಂದು ಬೀಗವನ್ನೋ ಚಿಲಕವನ್ನೋ ಮಾಡಿ ತೋರಿಸುತ್ತಿದ್ದ. ಇವನು ಮೊಳದುದ್ದದ ರೈಲು ಎಂಜಿನ್ ಮಾಡಲು ಹೊರಟ. ಆಟದ ಸಾಮಾನಲ್ಲ, ಒಳಗೆ ಬೆಂಕಿ ಹಾಕಿ, ನೀರು ಕಾಯಿಸಿ, ಉಗಿಯಿಂದಲೇ ಓಡುವಂಥದು.

ಚಕ್ರಗಳನ್ನು ಹಿತ್ತಾಳೆಯಲ್ಲಿ ಎರಕ ಹೊಯ್ದ. ಸಿಲಿಂಡರನ್ನು ಉಜ್ಜಿ ಉಜ್ಜಿ ಕನ್ನಡಿ ಮಾಡಿದ. ಆದರೆ ತಾಮ್ರದ ಬಾಯ್ಲರಿಗೆ ಅವನು ಹಾಕಿದ ಸೀಸದ ಬೆಸುಗೆ ಮೊದಲ ಬೆಂಕಿಗೇ ಕರಗಿ ಬೂದಿಗೆ ಇಳಿಯಿತು. ಅಪ್ಪ ಒಡವೆಯ ಮೇಲಿನಿಂದ ಕಣ್ಣೆತ್ತದೆ ಹೇಳಿದರು: "ಕಾಳಿ, ಸೀಸ ಬೆಂಕಿ ಮುಂದೆ ನಿಲ್ಲಾಕಿಲ್ಲ ಅಂತ ನಿಮ್ಮಣ್ಣಂಗೆ ಯೋಳು. ಅದು ಅಕ್ಕಸಾಲೆ ಮಗಂಗೆ ಗೊತ್ತಿರಬೇಕಾಗಿತ್ತು ಅಂತ್ಲೂ ಯೋಳು." ಎರಡನೆಯ ಮಾತನ್ನು ನಾನು ದಾಟಿಸಲಿಲ್ಲ. ಅಣ್ಣ ಒಡೆದ ತಾಮ್ರವನ್ನು ಹಿತ್ತಿಲಲ್ಲಿ ಬಿಸುಟು ಕೆಲಸಕ್ಕೆ ಹೋದ.

ಮಾರನೆಯ ಸಂಜೆ ಅವನು ಮನೆಗೆ ಬಂದಾಗ ಅವನ ಮಣೆಯ ಮೇಲೆ ಬಾಯ್ಲರು ಕೂತಿತ್ತು. ಬೆಳ್ಳಿಯ ಬೆಸುಗೆ, ಕೂದಲೆಳೆಯಷ್ಟು ಬಿಳಿ ಗೆರೆ ಬಿಟ್ಟರೆ ಜೋಡಿಸಿದ ಗುರುತೇ ಕಾಣುತ್ತಿರಲಿಲ್ಲ. ಒಳಗೆ ಉಗಿ ಹೋಗುವ ಕೊಳವೆಯನ್ನೂ ಅಪ್ಪನೇ ಬೆಸೆದಿದ್ದರು. ಅಣ್ಣ ಅದನ್ನು ಬಹಳ ಹೊತ್ತು ತಿರುಗಿಸಿ ತಿರುಗಿಸಿ ನೋಡಿದ. ಅಪ್ಪ ಬೆನ್ನು ತಿರುಗಿಸಿ ಕೂತು ಇದ್ದಿಲು ಕೆದಕುತ್ತಿದ್ದರು. ನನಗೆ ಯಾರೂ ಯಾವ ಮಾತನ್ನೂ ಕೊಡಲಿಲ್ಲ.

ಅವ್ವನಿಗೆ ಮಾತ್ರ ಅಂದಿನಿಂದ ಒಂದೇ ಹಂಬಲ. ಎಂಜಿನ್ ಓಡಿದರೆ ಮಗ ದೂರ ಹೋಗುತ್ತಾನೆ ಎಂದು ಅವಳಿಗೆ ಗೊತ್ತಿತ್ತು. ಓಡದಿದ್ದರೆ ಇನ್ನೂ ದೂರ ಹೋಗುತ್ತಾನೆ ಎಂಬುದೂ ಗೊತ್ತಿತ್ತು, ಏಕೆಂದರೆ ಅಣ್ಣ ಅವಳ ಮುಂದೆ ಒಮ್ಮೆ, "ಇದೂ ಕೈ ಕೊಟ್ರೆ ಕೋಲಾರದ ಗಣಿಗೆ ಓಯ್ತೀನಿ. ಮತ್ತೆ ಈ ಒಸ್ಲು ತುಳಿಯಾಕಿಲ್ಲ," ಅಂದಿದ್ದ. "ಜಗಳ ಕಾದು ಓದೋನು ದಾರಿ ಮರೀತಾನೆ ಕಣವ್ವ," ಎಂದು ಅವಳು ನನ್ನ ತಲೆ ಬಾಚುತ್ತ ಹೇಳಿದಳು. "ಅಪ್ಪನ ಜೊತೆ ಎರಡು ಮಾತಾಡಿ ಓದೋನು ತಿರ್ಗಾ ಬತ್ತಾನೆ." ನನಗೋ ಆ ಎರಡು ಮಾತು ನನ್ನ ಕೈಯಲ್ಲಿ ಆಗುವ ಕೆಲಸವಲ್ಲ ಎಂದು ಗೊತ್ತಿತ್ತು.

ಬರಿಯ ಬಾಯ್ಲರನ್ನು ಮೊದಲು ಪರೀಕ್ಷೆ ಮಾಡಿದಾಗ ಎಲ್ಲ ಚೆನ್ನಾಗಿಯೇ ಇತ್ತು. ಬೆಸುಗೆಯ ಮಸಿ ಇನ್ನೂ ಹಾಗೇ ಇದ್ದಾಗ ನೀರು ತುಂಬಿ ಬೆಂಕಿಯ ಮೇಲಿಟ್ಟರು. ಉಗಿ ಚುಯ್ಯೆಂದು ಬಂತು, ಬೆಸುಗೆಯ ಒಂದು ಕೂದಲೂ ಅಲುಗಲಿಲ್ಲ. ಆಮೇಲೆ ಅಪ್ಪ ಅದನ್ನು ಹುಣಸೆ ನೀರಿನಲ್ಲಿ ಕುದಿಸಿ, ಒಳಗೂ ಹೊರಗೂ ಅಂಟುವಾಳದಲ್ಲಿ ತೊಳೆದು, ಮದುವಣಗಿತ್ತಿಯ ಹಾಗೆ ಹೊಳೆಯಿಸಿ ಕೊಟ್ಟರು. ಅಣ್ಣ ಚಕ್ರ, ಸಿಲಿಂಡರು, ಹೊಗೆಕೊಳವೆ ಎಲ್ಲ ಜೋಡಿಸಿದ. ಹಿತ್ತಿಲಿನಲ್ಲಿ ಹಲಗೆಗಳ ಮೇಲೆ ಹಿತ್ತಾಳೆಯ ಪಟ್ಟಿ ಬಡಿದು ದುಂಡಗೆ ಹಳಿ ಹಾಕಿದ. ಬೆಂಕಿ ಊದುವ ಕೆಲಸ ನನ್ನದು. ನನ್ನ ಕೆನ್ನೆ ಗಟ್ಟಿ ಎಂದು ಅಪ್ಪ ಮೊದಲಿನಿಂದಲೂ ಊದುಗೊಳವೆಯನ್ನು ನನಗೇ ಕೊಡುತ್ತಿದ್ದರು.

ಅಣ್ಣ ಉಗಿಯ ಹಿಡಿಕೆ ತಿರುವಿದ. ಚಕ್ರ ಅರ್ಧ ಸುತ್ತು ತಿರುಗಿ ಕಚ್ಚಿಕೊಂಡು ನಿಂತಿತು. ಹೊಗೆಕೊಳವೆಯಿಂದ ಉಗಿ ಬರುವುದರ ಬದಲು ಬಿಸಿನೀರು ಭುಸ್ಸೆಂದು ಚಿಮ್ಮಿತು. ಕೈಯಿಂದ ತಳ್ಳಿದರೂ ಚಕ್ರ ಅಲುಗಲೊಲ್ಲದು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ತಿರುವಿದರೂ ಅದೇ ಅರ್ಧ ಸುತ್ತು, ಅದೇ ನೀರು.

ಅಣ್ಣನ ಮುಖ ಕಪ್ಪಿಟ್ಟಿತು. "ಕಾಳಿ, ಅಪ್ಪಂಗೆ ಯೋಳು. ಒಳಗಡೆ ಉಗಿ ಕೊಳವೆ ಬೆಸುಗೆ ಬುಟ್ಟೈತೆ. ನೀರು ಅಲ್ಲಿಂದ ನುಗ್ತಾ ಐತೆ."

ಇದಕ್ಕೆ ಬೆಲ್ಲ ಸೇರಿಸುವುದು ಹೇಗೆಂದು ನನಗೆ ತಿಳಿಯಲಿಲ್ಲ. ಅಪ್ಪ ನನಗಾಗಿ ಕಾಯಲೂ ಇಲ್ಲ. "ನನ್ನ ಬೆಸುಗೆ ಬುಟ್ಟಿದ್ದ ಈ ಊರಲ್ಲಿ ಯಾರೂ ಕಂಡಿಲ್ಲ ಅಂತ ನಿಮ್ಮಣ್ಣಂಗೆ ಯೋಳು. ಅವನ ವಾಲ್ವು ವಾರೆ ಕೂತೈತೆ."

ಅಂದಿನಿಂದ ಹಿತ್ತಿಲು ಕುರುಕ್ಷೇತ್ರವಾಯಿತು. ಅಣ್ಣ ಸಿಲಿಂಡರಿಗೆ ಉಗಿ ಬಿಡುವ ವಾಲ್ವು ಬಿಚ್ಚಿ, ಅಳೆದು, ಕೂರಿಸಿ, ಅದರ ಕೊಳವೆಗೆ ಬಾಯಿಟ್ಟು ಊದಿದ. ಬರೀ ಉಸಿರಿಗೆ ಚಕ್ರಗಳು ಬುಗುರಿಯಂತೆ ತಿರುಗಿದವು. ಹಾಗಾದರೆ ವಾಲ್ವಿನದು ತಪ್ಪಲ್ಲ. ಅಪ್ಪ ಬಾಯ್ಲರನ್ನು ದೊಡ್ಡ ಕೊಪ್ಪರಿಗೆಯ ಅಂಟುವಾಳದ ನೀರಿನಲ್ಲಿ ಮುಳುಗಿಸಿ, ಒಳಕ್ಕೆ ಗಾಳಿ ಊದಿ ನೋಡಿದರು. ಸೋರಿದರೆ ನೊರೆ ಏಳಬೇಕು. ಒಂದು ಗುಳ್ಳೆಯೂ ಏಳಲಿಲ್ಲ. ಹಾಗಾದರೆ ಬೆಸುಗೆಯದೂ ತಪ್ಪಲ್ಲ. ಸಂದಿನಲ್ಲಿ ಬಿಳಿಗಾರ ಏನಾದರೂ ಉಳಿದಿದ್ದರೆ ಬಿಡಲಿ ಎಂದು ಅಪ್ಪ ಅದನ್ನು ಅದೇ ನೀರಿನಲ್ಲಿ ನೆನೆಯಲು ಬಿಟ್ಟು, ಬೆಳಿಗ್ಗೆ ಒಂದು ಚೊಂಬು ನೀರು ಆಡಿಸಿ ಚೆಲ್ಲಿ ಕೊಟ್ಟರು. ಎರಡನೆಯ ಸಲ ಉಗಿ ಬಿಟ್ಟಾಗ ಚಕ್ರ ಕಾಲು ಸುತ್ತೂ ತಿರುಗಲಿಲ್ಲ.

ತಪ್ಪು ಯಾರದೂ ಅಲ್ಲ, ಎಂಜಿನ್ನು ಮಾತ್ರ ಓಡುವುದಿಲ್ಲ. ಇಂಥ ಜಗಳಕ್ಕೆ ತೀರ್ಪು ಹೇಳಬಲ್ಲವರು ಯಾರು? ಅವ್ವ ಉಪ್ಪು ಮೆಣಸಿನಕಾಯಿ ನಿವಾಳಿಸಿ ಅದೇ ಎಂಜಿನ್ನಿನ ಬೆಂಕಿಗೆ ಹಾಕಿದಳು. ದೃಷ್ಟಿ ಹೋಯಿತೋ ಇಲ್ಲವೋ, ನಾವೆಲ್ಲ ಕೆಮ್ಮಿ ಕೆಮ್ಮಿ ಸುಸ್ತಾದೆವು. ಅಪ್ಪ ಮತ್ತೆ ಬಾಯ್ಲರನ್ನು ಕೊಪ್ಪರಿಗೆಗೆ ಇಳಿಸಿದರು, ಮತ್ತೆ ಊದಿದರು, ಮತ್ತೆ ನೆನೆಹಾಕಿದರು. ಅವರಿಗೆ ಊಟ ಸೇರುತ್ತಿರಲಿಲ್ಲ. ಬೆಸುಗೆ ಬಿಟ್ಟಿದೆ ಎಂದು ಹೆತ್ತ ಮಗನೇ ಹೇಳಿದ್ದು ಅವರ ಗಂಟಲಲ್ಲಿ ಸಿಕ್ಕಿಕೊಂಡಿತ್ತು.

ಅಷ್ಟರಲ್ಲಿ ಫೋರ್ಮನ್ ಬರುವ ಶನಿವಾರ ಬಂದೇಬಿಟ್ಟಿತು. ಮೈಸೂರಿನ ಗಾಡಿಗೆ ಬಂದು, ಟ್ಯಾಂಕು ನೋಡಿ, ಅದೇ ಗಾಡಿಗೆ ಹಿಂದಿರುಗುತ್ತಾನೆ ಎಂದು ಸುದ್ದಿ. ಬೆಳಗ್ಗೆ ಅಣ್ಣ ಮಾತಿಲ್ಲದೆ ಎಂಜಿನ್ನನ್ನು ಹಳಿಯ ಮೇಲಿಟ್ಟು ಬೆಂಕಿ ಹೊತ್ತಿಸಿದ. ಗಾಡಿ ಬರುವುದಕ್ಕೆ ಇನ್ನೂ ಹೊತ್ತಿತ್ತು. ಅಪ್ಪ ಬಾವಿಕಟ್ಟೆಯ ಮೇಲೆ ಕೂತಿದ್ದರು. ನಾನು ಊದಲು ಕೂತೆ.

ಬಾಯ್ಲರಿನ ನೆತ್ತಿಯ ಮೇಲೆ ಉಗಿ ಹೆಚ್ಚಾದರೆ ತಾನಾಗಿ ತೆರೆದುಕೊಳ್ಳುವ ಸಣ್ಣ ಮುಚ್ಚಳವಿತ್ತು. ಅದನ್ನು ಅದುಮಿಡಲು ಒಂದು ಕಡ್ಡಿ, ಕಡ್ಡಿಯ ತುದಿಗೆ ಒಂದು ಹಿತ್ತಾಳೆಯ ಗುಂಡು. ಇಷ್ಟು ಉಗಿಗೆ ಆ ಗುಂಡು ಮೇಲೆದ್ದು ಉಗಿ ಹೊರಗೆ ಹೋಗಬೇಕು, ಇಲ್ಲದಿದ್ದರೆ ಬಾಯ್ಲರು ಸಿಡಿಯುತ್ತದೆ ಎಂದು ಅಣ್ಣನೇ ನನಗೆ ಹೇಳಿಕೊಟ್ಟಿದ್ದ. ಅಂದು ಅಂಥ ಅಣ್ಣನೇ ಪಡಸಾಲೆಗೆ ಹೋಗಿ ಅಪ್ಪನ ತಕ್ಕಡಿಯ ಪೆಟ್ಟಿಗೆಯಿಂದ ಒಂದು ತೂಕದ ಕಲ್ಲು ತಂದು ಆ ಕಡ್ಡಿಗೆ ನೇತುಹಾಕಿದ. ಉಗಿಯ ಜೋರು ಹೆಚ್ಚಿದರೆ ಕಚ್ಚಿಕೊಂಡ ಚಕ್ರ ಬಿಟ್ಟೀತು ಎಂಬ ಹಟ ಅವನದು.

"ಊದು ಕಾಳಿ."

ಊದಿದೆ. ಇದ್ದಿಲು ಕೆಂಪಾಯಿತು. ಬಾಯ್ಲರಿನ ಒಳಗಿನಿಂದ ಕುದಿಯುವ ಸದ್ದು ಬಂತು, ಆಮೇಲೆ ಆ ಸದ್ದೂ ಅಡಗಿ ಬರೀ ಸಣ್ಣ ನಡುಕ ಉಳಿಯಿತು. ಗುಂಡು ಏಳಬೇಕಾದ ಹೊತ್ತು ದಾಟಿತು, ಏಳಲಿಲ್ಲ. ಸಿಲಿಂಡರಿಗೆ ಬಿಟ್ಟಿದ್ದ ಹರಳೆಣ್ಣೆ ಕಾದ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಎಲ್ಲೋ ತಾಮ್ರ ಟಿಕ್ ಎಂದಿತು. ನನಗೆ ಹೆದರಿಕೆಯಾಯಿತು, ಆದರೆ ಅಣ್ಣ ಊದು ಎಂದಿದ್ದ, ಊದುವುದನ್ನು ನಿಲ್ಲಿಸಲು ಯಾರೂ ಹೇಳಿರಲಿಲ್ಲ.

"ವೀರಾ, ಕಲ್ಲು ತೆಗಿ."

ಅದು ಅಪ್ಪನ ದನಿ. ಅಣ್ಣ ಬೆಚ್ಚಿ ತಲೆಯೆತ್ತಿದ. ತನ್ನ ಹೆಸರನ್ನು ಆ ಬಾಯಲ್ಲಿ ಕೇಳಿ ಎಷ್ಟು ಕಾಲವಾಗಿತ್ತೋ, ಅವನು ಸುಮ್ಮನೆ ನೋಡುತ್ತ ಕೂತುಬಿಟ್ಟ.

"ಮಗು ಕೂತೈತೆ ಕಣ್ಲಾ ಮುಂದೆ. ತೆಗಿ."

"ಇನ್ನೊಂಚೂರು, ಅಪ್ಪ. ಬುಟ್ಕತದೆ."

ಅಪ್ಪ ಬಾವಿಕಟ್ಟೆಯಿಂದ ಹೇಗೆ ಇಳಿದರೋ ನಾನು ಕಾಣಲಿಲ್ಲ. ಒಂದು ಕೈಯಿಂದ ನನ್ನ ಭುಜ ಹಿಡಿದು ಹಿಂದಕ್ಕೆ ಎಳೆದರು, ಇನ್ನೊಂದು ಬರಿಗೈಯಿಂದ ಆ ಕಲ್ಲನ್ನೂ ಗುಂಡನ್ನೂ ಒಟ್ಟಿಗೆ ಬಾಚಿ ಎಸೆದರು. ಮುಚ್ಚಳ ಹಾರಿ ಬಿಳಿಯ ಬುಗ್ಗೆ ಮಾಡಿನ ಎತ್ತರಕ್ಕೆ ಎದ್ದಿತು. ಅದರ ಹನಿ ನನ್ನ ಮುಖದ ಮೇಲೆಲ್ಲ ಸುರಿಯಿತು. ಅಷ್ಟು ಮೇಲಿಂದ ಬೀಳುವಷ್ಟರಲ್ಲಿ ಆರಿದ್ದರಿಂದ ಸುಡಲಿಲ್ಲ, ಆದರೆ ಕಣ್ಣು ಧಗಧಗ ಉರಿಯಿತು. ಅವ್ವ ಓಡಿಬಂದು ಸೆರಗಿನಿಂದ ನನ್ನ ಮುಖ ಒರೆಸಿದಳು. ಅಪ್ಪನ ಅಂಗೈ ಕೆಂಪಗೆ ಬೆಂದಿತ್ತು. ಅಣ್ಣ ಎರಡೂ ಕೈಯನ್ನು ತಲೆಯ ಮೇಲಿಟ್ಟುಕೊಂಡು ಕುಕ್ಕರಿಸಿದ್ದ.

ನಾನು ತುಟಿ ನೆಕ್ಕಿದೆ. ಕಹಿ.

ಎಣ್ಣೆ ನೀರಿನ ದಿನ ತಲೆ ಉಜ್ಜುವಾಗ ಬಾಯಿ ಮುಚ್ಚಿಕೋ ಎಂದರೂ ಕೇಳದೆ ಅಳುವ ಮಕ್ಕಳ ಬಾಯಿಗೆ ಹೋಗುತ್ತದಲ್ಲ, ಆ ಕಹಿ. ಕಣ್ಣಿನ ಉರಿಯೂ ಅದೇ ಉರಿ. ಅಳುತ್ತಲೇ ಹೇಳಿದೆ, "ಅಂಟುವಾಳ."

"ಏನವ್ವ?" ಅಂದಳು ಅವ್ವ.

"ಬಾಯೆಲ್ಲ ಅಂಟುವಾಳ."

ಅಪ್ಪ ಹಲಗೆಯ ಮೇಲೆ ಬಿದ್ದಿದ್ದ ನೀರನ್ನು ನೋಡಿದರು. ಅದು ನೀರಾಗಿರಲಿಲ್ಲ, ನೊರೆಯಾಗಿತ್ತು. ಸಣ್ಣ ಸಣ್ಣ ಗುಳ್ಳೆಗಳು ಇನ್ನೂ ಒಡೆಯದೆ ಬಿಸಿಲಿಗೆ ಹೊಳೆಯುತ್ತಿದ್ದವು. ಬೆಂದ ಕೈಯ ಬೆರಳನ್ನೇ ಅದರಲ್ಲಿ ಅದ್ದಿ ನಾಲಿಗೆಗೆ ಮುಟ್ಟಿಸಿಕೊಂಡರು. ಅವರ ಮುಖ ಸಣ್ಣಗಾಯಿತು.

ಕಿರುಬೆರಳು ತೂರದಷ್ಟು ಚಿಕ್ಕ ಬಾಯಿಯ ಬಾಯ್ಲರು ಅದು. ಒಳಗೆ ಹೋದ ಅಂಟುವಾಳ ಒಂದು ಚೊಂಬು ನೀರಿಗೆ ಹೊರಗೆ ಬರುವುದುಂಟೆ? ಬೆಂಕಿ ತಾಗಿದ ಕೂಡಲೇ ಒಳಗೆಲ್ಲ ನೊರೆ ಎದ್ದು, ಉಗಿ ಹೋಗಬೇಕಾದ ಕೊಳವೆಯಲ್ಲಿ ನೊರೆಯೇ ನುಗ್ಗುತ್ತಿತ್ತು. ಉಗಿಯನ್ನು ಅಮುಕಬಹುದು, ನೀರನ್ನು ಅಮುಕಲಾಗದು. ಸಿಲಿಂಡರಿನಲ್ಲಿ ನೀರು ನಿಂತು ಚಕ್ರ ಕಚ್ಚಿಕೊಳ್ಳುತ್ತಿತ್ತು. ಬೆಸುಗೆ ಬಿಟ್ಟಿದೆಯೋ ಎಂದು ನೋಡಲು ಮುಳುಗಿಸಿದ ಸಲವೆಲ್ಲ ಕಾಯಿಲೆ ಹೆಚ್ಚಾಗುತ್ತಿತ್ತು. ತಲೆತಲಾಂತರದಿಂದ ಒಡವೆ ತೊಳೆದು ಕೊಟ್ಟ ನೇಮವೇ ನಮ್ಮ ಎಂಜಿನ್ನಿನ ಕುತ್ತಿಗೆ ಹಿಸುಕಿತ್ತು.

"ನನ್ನ ಕೈಲೇ ಆದದ್ದು," ಅಂದರು ಅಪ್ಪ. ಯಾರಿಗೆ ಹೇಳಿದರೋ ತಿಳಿಯಲಿಲ್ಲ. ಆಮೇಲೆ ಅಣ್ಣನ ಕಡೆ ತಿರುಗಿ, "ಬೆಂಕಿ ತೆಗಿ, ವೀರಾ. ತೊಳ್ಯಾನ," ಅಂದರು.

ಶನಿವಾರದ ಎಣ್ಣೆ ನೀರಿಗೆಂದು ಹಂಡೆಯಲ್ಲಿ ಬಿಸಿನೀರು ಕಾದಿತ್ತು. ನಾನು ಚೊಂಬಿನಲ್ಲಿ ತಂದು ತಂದು ಕೊಟ್ಟೆ. ಇಬ್ಬರೂ ಬಾವಿಕಟ್ಟೆಯ ಮೇಲೆ ಎದುರುಬದುರು ಕೂತರು. ಬಾಯ್ಲರಿಗೆ ನೀರು ಹೊಯ್ಯುವುದು, 'ಕುಲು ಕುಲು' ಆಡಿಸುವುದು, ಅಂಗೈಗೆ ಬಗ್ಗಿಸಿಕೊಂಡು ನಾಲಿಗೆಗೆ ಹಚ್ಚಿ ನೋಡುವುದು.

"ಐತೇನ್ಲಾ?"

"ಐತೆ."

"ಇತ್ತ ತತ್ತಾ."

ಅಪ್ಪ ತೊಳೆದು, ನೆಕ್ಕಿ, ಉಗಿದು, "ಐತೆ," ಎಂದು ಹಿಂದಕ್ಕೆ ಕೊಡುತ್ತಿದ್ದರು. ಅಣ್ಣ, "ನಿನ್ನ ಕೈ ಬೆಂದೈತೆ, ನೀನು ಇಡ್ಕಬ್ಯಾಡ, ನಾನಾಡಿಸ್ತೀನಿ," ಅಂದ. ಅಪ್ಪ, "ಬೆಂದ್ರೆ ಬೇಯ್ಲಿ, ನೀನು ನೀರು ಉಯ್ಯಿ," ಅಂದರು. ನನ್ನ ಹೆಸರು ಹಿಡಿದು ಇಬ್ಬರಲ್ಲಿ ಯಾರೂ ಕರೆಯಲಿಲ್ಲ. ಚೊಂಬು ಹಿಡಿದು ನಿಂತ ನನ್ನ ಮುಂದೆಯೇ ಮಾತು ಅತ್ತಿಂದಿತ್ತ ಹೋಗುತ್ತಿತ್ತು. ಕಣ್ಣುರಿಯ ಜೊತೆ ನನಗೆ ಬೇರೆ ಅಳುವೂ ಬಂತು, ಅದು ದುಃಖದ್ದಲ್ಲ.

ಹೊತ್ತು ಏರುತ್ತಿತ್ತು. ಅವ್ವ ಹಂಡೆಯ ತಳ ನೋಡಿ, "ಇನ್ನೂ ಏಸು ತೊಳೀತೀರಿ? ಗಾಡಿ ಬಂದ್ರೆ ಏನು ಮಾಡೀರಿ?" ಎಂದು ಕೂಗಿದಳು. ಇಬ್ಬರೂ ಕಿವಿಗೊಡಲಿಲ್ಲ. ಕೊನೆಗೆ ಸೇತುವೆಯ ಕಡೆಯಿಂದ ರೈಲಿನ ಸೀಟಿ ಕೇಳಿಸಿತು. ಅಣ್ಣ ಅಂಗೈಯ ನೀರನ್ನು ನಾಲಿಗೆಗೆ ಹಚ್ಚಿಕೊಂಡು, "ಓಯ್ತು," ಅಂದ.

ಮನೆಯಲ್ಲಿ ಓಡಿಸಿ ನೋಡಲು ಹೊತ್ತಿರಲಿಲ್ಲ. ಅಣ್ಣ ಹಲಗೆಗಳನ್ನು ಹೊತ್ತ, ಅಪ್ಪ ಎಂಜಿನ್ನನ್ನು ಹೊತ್ತರು, ನಾನು ಇದ್ದಿಲಿನ ಕುಡಿಕೆ, ಊದುಗೊಳವೆ ಹಿಡಿದು ಹಿಂದೆ ಓಡಿದೆ. ಗೂಡ್ಸ್ ಶೆಡ್ಡಿನ ನೆಲದ ಮೇಲೆ ಹಳಿ ಹಾಸಿ, ನೀರು ತುಂಬಿ, ಮುಚ್ಚಳವನ್ನೂ ಗುಂಡನ್ನೂ ಮತ್ತೆ ಕೂರಿಸಿ ಬೆಂಕಿ ಮಾಡುವಷ್ಟರಲ್ಲಿ ಟ್ಯಾಂಕಿನ ಕೆಲಸ ಮುಗಿಸಿ ಫೋರ್ಮನ್ ಬಂದ. ಅಂಗಿಯ ತೋಳು ಮಡಿಸಿದ ದಪ್ಪ ಮನುಷ್ಯ, ಕೈಯಲ್ಲಿ ಗಡಿಯಾರ. ಅಷ್ಟು ದೂರದಲ್ಲಿ ನಿಜವಾದ ಎಂಜಿನ್ನು ನೀರು ಕುಡಿಯುತ್ತ ನಿಂತಿತ್ತು. ಅದರ ಮುಂದೆ ನಮ್ಮದು ಗುಬ್ಬಚ್ಚಿ.

ಅಣ್ಣ ಹಿಡಿಕೆ ತಿರುವಿದ. ಹೊಗೆಕೊಳವೆ ಒಮ್ಮೆ ಕೆಮ್ಮಿ ಒಂದು ತೊಟ್ಟು ನೀರು ಉಗುಳಿತು. ಚಕ್ರ ಅರ್ಧ ಸುತ್ತು ತಿರುಗಿ ತಡೆಯಿತು. ಅಪ್ಪ ಕಣ್ಣು ಮುಚ್ಚಿಕೊಂಡರು. ನನ್ನ ಉಸಿರು ಊದುಗೊಳವೆಯಲ್ಲೇ ನಿಂತುಹೋಯಿತು. ಆಮೇಲೆ ಚಕ್ರ ಮೆಲ್ಲಗೆ ಆ ಅರ್ಧ ಸುತ್ತನ್ನು ದಾಟಿತು. ಒಂದು ಪುಸ್, ಇನ್ನೊಂದು ಪುಸ್, ಒಣ ಬಿಳಿ ಉಗಿ. ಎಂಜಿನ್ನು ಹಳಿ ಹಿಡಿದು ಒಂದು ಸುತ್ತು ಬಂತು, ಎರಡನೆಯ ಸುತ್ತಿಗೆ ಜೋರಾಯಿತು. ಶೆಡ್ಡಿನ ಕೂಲಿಗಳು ಮೂಟೆ ಕೆಳಗಿಟ್ಟು ನೋಡುತ್ತ ನಿಂತರು. ಇದ್ದಿಲು ಕರಿಯಾಗುವವರೆಗೂ ಅದು ಸುತ್ತಿತು.

ಫೋರ್ಮನ್ ಮಂಡಿಯೂರಿ ಕೂತು ಬಾಯ್ಲರಿನ ಬಿಳಿ ಗೆರೆಯನ್ನು ಉಗುರಿನಿಂದ ಸವರಿದ. "ಈ ಬೆಸುಗೆ ಯಾರದು?"

"ನಮ್ಮಪ್ಪಂದು, ಸಾ."

ಆತ ಅಪ್ಪನ ಕಡೆ ನೋಡಿ ತಲೆಯಾಡಿಸಿದ. ಆಮೇಲೆ ಗಡಿಯಾರ ನೋಡಿ, ನಾನು ಇಂದೇ ಹುಬ್ಬಳ್ಳಿಗೆ ಹಿಂದಿರುಗುತ್ತೇನೆ, ಬರುವುದಾದರೆ ಈ ಗಾಡಿಗೇ ಹತ್ತು, ನಾಳೆ ವರ್ಗವಾದ ಮೇಲೆ ನನ್ನ ಮಾತು ನಡೆಯುವುದೋ ಇಲ್ಲವೋ ಎಂದ. ಅಣ್ಣ ಉಟ್ಟ ಬಟ್ಟೆಯಲ್ಲೇ ಇದ್ದ. ಅವ್ವನಿಗೆ ಹೇಳಿಲ್ಲ, ತುತ್ತು ಅನ್ನ ಉಂಡಿಲ್ಲ. ಗಾರ್ಡು ಆಗಲೇ ಬಾವುಟ ಹಿಡಿದು ನಿಂತಿದ್ದ.

ಅಣ್ಣ ಅಪ್ಪನ ಕಾಲು ಮುಟ್ಟಿ ಓಡಿದ. ಅಪ್ಪ ಸುಡುವ ಎಂಜಿನ್ನನ್ನು ಹೆಗಲಿನ ಒದ್ದೆ ವಲ್ಲಿಯಲ್ಲಿ ಸುತ್ತಿ ಎರಡೂ ಕೈಯಲ್ಲಿ ಹಿಡಿದಿದ್ದರು. ಕೈ ಎತ್ತಿ ಹರಸಲೂ ಆಗಲಿಲ್ಲ, ಬಾಯಿಂದ ಮಾತೂ ಹೊರಡಲಿಲ್ಲ. ಗಾಡಿ ಸೇತುವೆಯ ಕಡೆಗೆ ತಿರುಗಿ ಮರೆಯಾಗುವವರೆಗೂ ಹಾಗೇ ನಿಂತಿದ್ದರು. ಮನೆಗೆ ಬಂದು ಹೇಳಿದಾಗ ಅವ್ವ ಕೈಯಲ್ಲಿದ್ದ ಮುದ್ದೆಯ ಕೋಲನ್ನು ಕೆಳಗಿಟ್ಟು, "ಮಾತಾಡಿ ಕಳಿಸುದ್ರಾ?" ಎಂದಷ್ಟೇ ಕೇಳಿದಳು. ಬೆಳಿಗ್ಗೆ ಮಾತಾಡಿದೆವಲ್ಲ ಎಂದರು ಅಪ್ಪ.

ಆ ಚಳಿಗಾಲ ನಮ್ಮೂರಿಗೆ ಪ್ಲೇಗು ಬಂತು. ಊರು ಬಿಟ್ಟು ಹೆಮ್ಮರಗಾಲದ ದಾರಿಯ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡೆವು. ಅಪ್ಪ ಆ ಗುಡಿಸಲಿನಲ್ಲೇ ಹೋದರು. ಅಣ್ಣನಿಗೆ ಸುದ್ದಿ ಮುಟ್ಟಿದ್ದು ತಡವಾಗಿ. ಹೊರಟವನನ್ನು ದಾರಿಯ ಸ್ಟೇಷನ್ನಿನಲ್ಲಿ ಪ್ಲೇಗು ತಪಾಸಣೆಯವರು ತಡೆದು ಕೂರಿಸಿದರು. ಅವನು ಬಂದಾಗ ತಿಥಿಯೂ ಮುಗಿದಿತ್ತು. ಜಗಳ ಕಾಯದೆ ಹೋದವನು ತಿರುಗಿ ಬರುತ್ತಾನೆ ಎಂದ ಅವ್ವನ ಮಾತು ಸುಳ್ಳಾಗಲಿಲ್ಲ, ಆದರೆ ಅವನಿಗಾಗಿ ಕಾಯಬೇಕಾದವರು ಕಾಯಲಿಲ್ಲ.

ಎಂಜಿನ್ನು ಮತ್ತೆ ಓಡಲಿಲ್ಲ. ಅಣ್ಣನ ಮಕ್ಕಳು ಅದರ ಚಕ್ರಗಳನ್ನು ಆಟಕ್ಕೆ ಕಳಚಿಕೊಂಡರು, ಬಾಯ್ಲರು ಎಲ್ಲಿ ಹೋಯಿತೋ ಯಾರೂ ಅರಿಯರು. ಆ ಮನೆ ಈಗ ಬೇರೆಯವರದು. ಊರಿನಲ್ಲಿ ಈಗ ಒಡವೆ ಮೈಸೂರಿನಿಂದ ಡಬ್ಬಿಯಲ್ಲಿ ಬರುತ್ತದೆ, ಅದರಲ್ಲಿ ಯಾರ ಮನೆಯ ವಾಸನೆಯೂ ಇರುವುದಿಲ್ಲ. ನನ್ನನ್ನು ಟಿ. ನರಸೀಪುರಕ್ಕೆ ಕೊಟ್ಟರು, ಇಲ್ಲೇ ಮುದುಕಿಯಾದೆ. ನನ್ನ ಮೊಮ್ಮಕ್ಕಳಿಗೆ ಅವರಪ್ಪನ ಜೊತೆ ದಿನವಿಡೀ ಮಾತು, ಒಂದೂ ನೆನಪಿಡುವಂಥದಲ್ಲ. ಅಷ್ಟೊಂದು ಮಾತಿನಲ್ಲಿ ಒಂದು ಹಿಡಿಯಾದರೂ ನಮ್ಮ ಮನೆಗೆ ಆಗ ಸಿಕ್ಕಿದ್ದರೆ ಎಂದು ನನಗೆ ಹೊಟ್ಟೆಯುರಿಯುತ್ತದೆ.

ಅಣ್ಣ ತೀರಿಕೊಳ್ಳುವ ಹಿಂದಿನ ವರ್ಷ ನಮ್ಮಲ್ಲಿಗೆ ಬಂದಿದ್ದ. ಕಾರ್ಖಾನೆಯಿಂದ ನಿವೃತ್ತನಾಗಿ ಬಹಳ ಕಾಲವಾಗಿತ್ತು. ಮಧ್ಯಾಹ್ನದ ಕಾಫಿ ಕುಡಿದು ಜಗಲಿಯಲ್ಲಿ ಕೂತಿದ್ದಾಗ, ಅವತ್ತು ಅಷ್ಟು ಹೊತ್ತು ಬಾಯ್ಲರು ತೊಳೆದಿರಲ್ಲ, ಅಷ್ಟು ಅಂಟುವಾಳ ಅದರೊಳಗೆ ಹೇಗೆ ಹಿಡಿದಿತ್ತು ಎಂದು ಸುಮ್ಮನೆ ಕೇಳಿದೆ.

ಅಣ್ಣ ಲೋಟ ಕೆಳಗಿಟ್ಟ.

"ಎಲ್ಲೈತೆ ಕಾಳಿ? ಮೂರ್ನಾಕು ಸಲ ಆಡ್ಸೋ ಒತ್ಗೇ ಕಹಿ ಓಗಿತ್ತು. ಅಪ್ಪ ಐತೇನ್ಲಾ ಅಂತ ಕೇಳ್ದ. ಓಯ್ತು ಅಂದ್ರೆ ಎದ್ಬುಡ್ತಾನಲ್ಲ ಅಂತ ಐತೆ ಅಂದೆ. ಅವನಿಗೆ ಕೊಟ್ಟೆ. ಈಗ ಸಿಕ್ಕಾಕಂಡೆ ಅಂದ್ಕಂಡೆ. ಅಪ್ಪ ನಾಲಿಗೆ ಮ್ಯಾಲೆ ಇಟ್ಕಂಡು, ನನ್ನ ಮಕ ನೋಡ್ದ. ಇನ್ನೂ ಐತೆ ಕಣ್ಲಾ, ಉಯ್ಯಿ ನೀರ ಅಂದ."